ಸ್ವಂತ ಉದ್ದಿಮೆಗೆ ಎಂಥ ಸ್ವಭಾವ ಬೇಕು? ನಡೆಸಿದವರ ಉತ್ತರಗಳು

ಪ್ರಶ್ನೆ

ಹಲವು ವರ್ಷ ಪೀಠೋಪಕರಣ ತಯಾರಿಸುವ ಕಾರ್ಖಾನೆಯಲ್ಲಿ ನೌಕರಿ ಮಾಡಿದ್ದೇನೆ. ಈಗ ಸ್ವಂತ ಮರಗೆಲಸದ ಘಟಕವೊಂದನ್ನು ತೆರೆಯುವ ಯೋಚನೆಯಲ್ಲಿದ್ದೇನೆ. ಕಸುಬು ಚೆನ್ನಾಗಿ ಗೊತ್ತು, ಸ್ವಲ್ಪ ಉಳಿತಾಯವೂ ಇದೆ. ಆದರೆ ನಾನು ಮಾತು ಕಡಿಮೆ ಆಡುವವನು, ದೊಡ್ಡ ಧೈರ್ಯವಂತನೂ ಅಲ್ಲ. ವ್ಯಾಪಾರಕ್ಕೆ ಹುಟ್ಟುಗುಣ ಬೇಕೆಂದು ಪರಿಚಿತರೆಲ್ಲ ಹೇಳುತ್ತಾರೆ. ಸ್ವಂತ ಉದ್ದಿಮೆ ನಡೆಸಿದವರಿಗೆ ಯಾವ ಗುಣಗಳು ನಿಜವಾಗಿ ಕೈಹಿಡಿದವು ಎಂಬುದನ್ನು ದಯವಿಟ್ಟು ತಿಳಿಸಿ.

ಮುದ್ರಣಾಲಯ ನಡೆಸುವವರೊಬ್ಬರ ಉತ್ತರ

ಮಾತುಗಾರಿಕೆಯ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ. ಗಿರಾಕಿಗೆ ಏನು ಬೇಕೆಂಬುದನ್ನು ಗಮನವಿಟ್ಟು ಕೇಳಿಸಿಕೊಂಡು, ಎರಡೇ ಮಾತಿನಲ್ಲಿ ಸರಿಯಾಗಿ ಉತ್ತರಿಸುವವರ ಬಳಿಗೆ ಜನ ಮತ್ತೆ ಮತ್ತೆ ಬರುತ್ತಾರೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು, ಪರಿಸ್ಥಿತಿ ಕೆಟ್ಟಿದೆ ಎಂಬ ಅನುಮಾನವಿರುವ ವಾರದಲ್ಲಿಯೂ ಲೆಕ್ಕದ ಪುಸ್ತಕವನ್ನು ತೆರೆದು ನೋಡುವ ಮನಸ್ಸು. ಇಟಲಿಯ ಗಣಿತಜ್ಞ ಲುಕಾ ಪಾಚೋಲಿ, ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ದ್ವಿನಮೂದು ಪದ್ಧತಿಯನ್ನು ಮುದ್ರಿತ ಪುಸ್ತಕದಲ್ಲಿ ವಿವರಿಸಿದ್ದು 1494ರಲ್ಲಿ. ಅಂದರೆ ಲೆಕ್ಕ ಬರೆಯುವ ವಿದ್ಯೆ ಯಾರ ಗುಟ್ಟೂ ಅಲ್ಲ, ಕೊರತೆಯಿರುವುದು ಬರೆದದ್ದನ್ನು ನೋಡುವ ಮನಸ್ಸಿಗೆ.

ಹೊಸಬರು ಎಡವುವುದು ಹೆಚ್ಚಾಗಿ ಲಾಭ ಬೇರೆ, ಕೈಯಲ್ಲಿರುವ ಹಣ ಬೇರೆ ಎಂಬ ಕಡೆ. ಒಂದು ದೊಡ್ಡ ಕೆಲಸ ಒಪ್ಪಿಕೊಂಡಿರಿ ಎಂದುಕೊಳ್ಳಿ. ಮರ, ಪ್ಲೈವುಡ್, ಕೀಲು, ಅಂಟಿಗೆ ಈ ತಿಂಗಳೇ ಹಣ ತೆರಬೇಕು, ಕೂಲಿಯನ್ನು ವಾರವಾರವೂ ಬಟವಾಡೆ ಮಾಡಬೇಕು; ಗಿರಾಕಿಯಿಂದ ಹಣ ಬರುವುದು ಕೆಲಸ ಮುಗಿದು 60 ದಿನಗಳಾದ ಮೇಲೆ. ಕಾಗದದ ಮೇಲೆ ಆ ಕೆಲಸ ಲಾಭದ್ದೇ, ಆದರೆ ನಡುವಿನ ದಿನಗಳ ಖರ್ಚನ್ನು ನೀವು ಎಲ್ಲಿಂದಲಾದರೂ ತರಬೇಕಾಗುತ್ತದೆ, ಮತ್ತು ಕೆಲಸ ಹೆಚ್ಚಿದಷ್ಟೂ ಈ ಅಂತರ ಹಿಗ್ಗುತ್ತದೆ. ಭರದಿಂದ ಬೆಳೆಯುತ್ತಿರುವ ಉದ್ದಿಮೆಗಳೇ ಹಣವಿಲ್ಲದೆ ನಿಂತುಹೋಗುವುದಕ್ಕೆ ಇದು ಮುಖ್ಯ ಕಾರಣ. ಆದ್ದರಿಂದ ಮುಂದಿನ 13 ವಾರಗಳಲ್ಲಿ ಯಾವ ವಾರ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂಬ ಅಂದಾಜು ಪಟ್ಟಿಯನ್ನು ವಾರಕ್ಕೊಮ್ಮೆ ತಿದ್ದುವುದು ಒಳ್ಳೆಯದು. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಆ ಬೇಸರವನ್ನು ಸಹಿಸಿಕೊಳ್ಳಬಲ್ಲವರು ಸಾಲ ಕೇಳಲು ಹೋಗುವುದು ಕೊರತೆ ಬೀಳುವ ಮೊದಲು; ಉಳಿದವರು ಹೋಗುವುದು ಬಿದ್ದ ಮೇಲೆ, ಆಗ ಯಾರೂ ಕೊಡುವುದಿಲ್ಲ.

ಹೊಲಿಗೆ ಘಟಕದ ಒಡತಿಯ ಉತ್ತರ

ಮೇಲಿನವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಲೆಕ್ಕವನ್ನು ಅಚ್ಚುಕಟ್ಟಾಗಿ ಬರೆದಿಟ್ಟೂ ಬಾಕಿ ಕೇಳಲಾರದವರನ್ನು ನಾನು ಬಹಳ ಜನ ನೋಡಿದ್ದೇನೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮಲ್ಲಿ ಒಳ್ಳೆಯತನವೆಂದು ಎಣಿಸುವ ದಾಕ್ಷಿಣ್ಯವು ಉದ್ರಿಯ ಪುಸ್ತಕದಲ್ಲಿ ಬಹಳ ದುಬಾರಿಯಾಗುತ್ತದೆ. ಇದಕ್ಕೆ ಜೋರು ಮಾಡುವ ಸ್ವಭಾವ ಬೇಕೆಂದೇನೂ ಇಲ್ಲ. ಎಷ್ಟು ಮುಂಗಡ, ಉಳಿದದ್ದು ಯಾವ ಹಂತದಲ್ಲಿ, ತಡವಾದರೆ ಏನು ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಬರೆದುಕೊಟ್ಟರೆ, ಆಮೇಲೆ ಕೇಳುವಾಗ ನೀವು ಯಾರಲ್ಲೂ ಉಪಕಾರ ಬೇಡಿದಂತಾಗುವುದಿಲ್ಲ. ಮಿತಭಾಷಿಗಳಿಗೆ ಈ ದಾರಿ ವಿಶೇಷವಾಗಿ ಹೊಂದುತ್ತದೆ.

ಬೆಲೆ ಇಳಿಸುವ ವಿಷಯದಲ್ಲಿಯೂ ಇದೇ ಗುಣ ಬೇಕು. ಸರಕು, ಕೂಲಿ ಕಳೆದು ನೂರಕ್ಕೆ 30 ಉಳಿಯುವ ವಸ್ತುವಿನ ಮೇಲೆ, ಮುಲಾಜಿಗೆ ಬಿದ್ದು ಶೇಕಡಾ 10 ರಿಯಾಯಿತಿ ಕೊಟ್ಟರೆ ಉಳಿಯುವುದು 20. ಮೊದಲು 100 ವಸ್ತುಗಳಿಂದ ಸಿಗುತ್ತಿದ್ದ ಮೊತ್ತಕ್ಕೆ ಈಗ 150 ಮಾರಬೇಕು. ಒಂದೂವರೆ ಪಟ್ಟು ದುಡಿಯುವುದಕ್ಕಿಂತ, ಈ ಬೆಲೆಗೆ ಆಗುವುದಿಲ್ಲ ಎಂದು ನಯವಾಗಿ ಹೇಳಿ ಆ ಗಿರಾಕಿಯನ್ನು ಬಿಟ್ಟುಕೊಡುವುದು ಎಷ್ಟೋ ಸಲ ಲಾಭಕರ.

ಯಂತ್ರಗಳ ದುರಸ್ತಿ ಮಾಡುವವರ ಉತ್ತರ

ನನ್ನದು ಒಂದೇ ಮಾತು. ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲವೆಂದು ತಿಳಿದ ಕ್ಷಣವೇ ಗಿರಾಕಿಗೆ ಫೋನ್ ಮಾಡಿ ತಿಳಿಸುವ ಅಭ್ಯಾಸ ಬೆಳೆಸಿಕೊಳ್ಳಿ. ತಡವಾದದ್ದನ್ನು ಜನ ಕ್ಷಮಿಸುತ್ತಾರೆ, ತಾವೇ ಬಂದು ವಿಚಾರಿಸಬೇಕಾಗಿ ಬಂದದ್ದನ್ನು ಮರೆಯುವುದಿಲ್ಲ.

ಒಂದು ಉದ್ದಿಮೆ ಮುಚ್ಚಿ ಇನ್ನೊಂದನ್ನು ನಡೆಸುತ್ತಿರುವವರ ಉತ್ತರ

ಇಲ್ಲಿಯವರೆಗೆ ಬರೆದ ಮೂವರೂ ಉಳಿದುಕೊಂಡವರು ಎಂಬುದನ್ನು ಗಮನಿಸಿ. ಮುಚ್ಚಿದವರಲ್ಲಿಯೂ ಶಿಸ್ತು, ತಾಳ್ಮೆ, ಪ್ರಾಮಾಣಿಕತೆ ಇದ್ದವು. ಅವರನ್ನು ಯಾರೂ ಕೇಳಲು ಹೋಗುವುದಿಲ್ಲ, ಅಷ್ಟೆ. ಅಮೆರಿಕದ ಸರ್ಕಾರಿ ಕಾರ್ಮಿಕ ಅಂಕಿಅಂಶಗಳ ಪ್ರಕಾರ ಅಲ್ಲಿ ಹೊಸದಾಗಿ ಆರಂಭವಾಗುವ ಉದ್ದಿಮೆಗಳಲ್ಲಿ ಸುಮಾರು ಐದರಲ್ಲೊಂದು ಮೊದಲ ವರ್ಷದಲ್ಲೇ, ಸುಮಾರು ಅರ್ಧದಷ್ಟು ಐದು ವರ್ಷಗಳೊಳಗೆ ನಿಂತುಹೋಗುತ್ತವೆ. ಇಷ್ಟೊಂದು ಜನರೆಲ್ಲ ಗುಣಹೀನರೆಂದು ನಾನು ನಂಬಲಾರೆ. ಬೇಡಿಕೆ ಕುಸಿಯುವುದು, ಮುಖ್ಯ ಗಿರಾಕಿ ಮುಳುಗುವುದು, ಬಾಡಿಗೆ ಏರುವುದು ಯಾರ ಸ್ವಭಾವವನ್ನೂ ನೋಡಿ ಬರುವುದಿಲ್ಲ.

ಹಾಗಾಗಿ ಛಲವನ್ನು ಎಲ್ಲರೂ ಹೊಗಳುವಷ್ಟು ನಾನು ಹೊಗಳುವುದಿಲ್ಲ. ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ತಲೆ ತಣ್ಣಗಿರುವಾಗಲೇ ನಿರ್ಧರಿಸಬಲ್ಲ ಗುಣ ಅದಕ್ಕಿಂತ ದೊಡ್ಡದು. ಉದ್ಯಮಶೀಲತೆಯ ಅಧ್ಯಯನಕ್ಕೆ ಹೆಸರಾದ ಸರಸ್ ಸರಸ್ವತಿ ಅವರು ಅನುಭವಿ ಉದ್ಯಮಿಗಳನ್ನು ಕುರಿತು 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಂಥ ಉದ್ಯಮಿಗಳು ಎಷ್ಟು ಗಳಿಸಬಹುದು ಎಂದು ಎಣಿಸುವ ಬದಲು ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಹುದು ಎಂಬಲ್ಲಿಂದ ಹೊರಡುತ್ತಾರೆ ಎಂದು ವಿವರಿಸಿದ್ದಾರೆ. ನೀವು ಧೈರ್ಯವಂತನಲ್ಲ ಎಂದು ಹೇಳಿಕೊಂಡಿರುವುದು ನನಗೆ ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ. ಉಳಿತಾಯದಲ್ಲಿ ಎಷ್ಟು ಪಾಲು ಕರಗಿದರೆ ಬಾಗಿಲು ಹಾಕುತ್ತೀರಿ ಎಂಬುದನ್ನು ಈಗಲೇ ಬರೆದು ಮನೆಯವರ ಕೈಗೆ ಕೊಡಿ. ಆ ಮಿತಿ ನಿಮ್ಮ ತಲೆಯೊಳಗಷ್ಟೇ ಇದ್ದರೆ, ಕಷ್ಟದ ಸಮಯದಲ್ಲಿ ನೀವೇ ಅದನ್ನು ಸರಿಸುತ್ತಾ ಹೋಗುತ್ತೀರಿ.

ಬಡಗಿ ಘಟಕ ನಡೆಸುವವರ ಉತ್ತರ

ನಿಮ್ಮದೇ ಕಸುಬಿನವನಾಗಿ ಒಂದು ವಿಷಯ ಸೇರಿಸುತ್ತೇನೆ. ಕೈಕೆಲಸ ಬಲ್ಲವರಿಗೆ ಉಳಿ, ಗರಗಸ ಬಿಟ್ಟು ಮೇಜಿನ ಮುಂದೆ ಕುಳಿತ ಹೊತ್ತು ಕೆಲಸವೆಂದೇ ಅನ್ನಿಸುವುದಿಲ್ಲ. ವಾರಕ್ಕೆ 48 ಗಂಟೆ ದುಡಿದರೂ ಅಳತೆ ತೆಗೆಯುವುದು, ಅಂದಾಜು ಪತ್ರ ಬರೆಯುವುದು, ಮರ ಆರಿಸುವುದು, ಸಾಗಿಸಿ ಜೋಡಿಸಿಕೊಡುವುದು ಕಳೆದರೆ ನಿಜವಾದ ತಯಾರಿಕೆಗೆ 30 ಗಂಟೆ ಉಳಿದೀತು. ನಿಮ್ಮ ಸಂಬಳವನ್ನೂ ಖರ್ಚಿನಲ್ಲಿ ಸೇರಿಸಿ, ಒಟ್ಟು ಖರ್ಚನ್ನು 48ರಿಂದಲ್ಲ, ಆ 30ರಿಂದ ಭಾಗಿಸಿ ದರ ಕಟ್ಟಬೇಕು. ಹೀಗೆ ಕಟ್ಟಿದ ದರವನ್ನು ಗಿರಾಕಿಯ ಮುಂದೆ ಅಳುಕಿಲ್ಲದೆ ಹೇಳುವುದಕ್ಕೆ ಒಂದು ಬಗೆಯ ಆತ್ಮಗೌರವ ಬೇಕು, ಅದು ನಮ್ಮ ಕಸುಬಿನವರಲ್ಲಿ ಕಡಿಮೆ.

ನೌಕರಿ ಬಿಡುವ ಮೊದಲೇ ಇದನ್ನು ಪರೀಕ್ಷಿಸಿಕೊಳ್ಳಬಹುದು. ಈಗಿನ ಮಾಲೀಕರ ಗಿರಾಕಿಗಳನ್ನು ಮುಟ್ಟದೆ, ನಿಮ್ಮ ನೌಕರಿಯ ಕರಾರು ಅನುಮತಿಸುವುದಾದರೆ, ರಜೆಯ ದಿನಗಳಲ್ಲಿ ಒಂದೆರಡು ಸಣ್ಣ ಕೆಲಸಗಳನ್ನು ಒಪ್ಪಿಕೊಂಡು, ಬರಹದ ಅಂದಾಜು ಕೊಟ್ಟು, ಮುಂಗಡ ಪಡೆದು ಮಾಡಿ. ಕಪಾಟು ಚೆನ್ನಾಗಿ ಬರುತ್ತದೆಯೇ ಎಂದು ನೋಡುವುದಕ್ಕಲ್ಲ, ಅದು ಬಂದೇ ಬರುತ್ತದೆ. ಹೇಳಿದ ದರಕ್ಕೆ ನಿಲ್ಲುತ್ತೀರೋ ಇಲ್ಲವೋ, ಉಳಿದ ಹಣವನ್ನು ಗೊತ್ತಾದ ದಿನ ಕೇಳುತ್ತೀರೋ ಇಲ್ಲವೋ ಎಂಬುದನ್ನು ನೋಡಿಕೊಳ್ಳಿ. ಆ ಕೆಲಸಗಳ ಲೆಕ್ಕವನ್ನು ಇಲ್ಲಿ ಹಂಚಿಕೊಂಡರೆ ದರ ಸರಿಯಿದೆಯೇ ಎಂದು ನೋಡಿ ಹೇಳುತ್ತೇನೆ.