ಮಗಳನ್ನು ಸ್ಟೀಪಲ್‌ಚೇಸ್‌ಗೆ ಹಾಕಬಹುದಾ? ಲಲಿತಾ ಬಾಬರ್ ಬಗ್ಗೆ ಗೊತ್ತಿರುವವರು ಹೇಳಿ

ಅರಸೀಕೆರೆ_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಮೊದಲ ಪಿಯುಸಿ. 1500 ಮತ್ತು 3000 ಮೀಟರ್ ಓಡುತ್ತಾಳೆ. ಜಿಲ್ಲಾ ಮಟ್ಟದಲ್ಲಿ ಮೊದಲ ಮೂವರಲ್ಲಿ ಇರುತ್ತಾಳೆ. ರಾಜ್ಯ ಮಟ್ಟಕ್ಕೆ ಹೋದರೆ ಕೊನೆಯ ಲ್ಯಾಪ್‌ನಲ್ಲಿ ಎಲ್ಲರೂ ಅವಳನ್ನು ದಾಟಿಕೊಂಡು ಹೋಗುತ್ತಾರೆ. ಕೋಚ್ ಈಗ, "ಇವಳಿಗೆ ಫಿನಿಶ್ ಇಲ್ಲ, ಸ್ಟೀಪಲ್‌ಚೇಸ್‌ಗೆ ಹಾಕೋಣ, ಅಲ್ಲಿ ಕಾಂಪಿಟಿಶನ್ ಕಡಿಮೆ" ಅನ್ನುತ್ತಿದ್ದಾರೆ. ಟ್ರ್ಯಾಕ್‌ನಲ್ಲಿ ಅಡ್ಡ ಇಟ್ಟ ಬ್ಯಾರಿಯರ್‌ಗಳನ್ನೂ ನೀರಿನ ಗುಂಡಿಯನ್ನೂ (ವಾಟರ್ ಜಂಪ್) ಹಾರಿಕೊಂಡು ಓಡುವ ಓಟವಂತೆ ಅದು. ಉದಾಹರಣೆಗೆ ಒಲಿಂಪಿಕ್ಸ್ ಓಟಗಾರ್ತಿ ಲಲಿತಾ ಬಾಬರ್ ಹೆಸರು ಹೇಳಿದರು.

ನಾನು ಕೊಬ್ಬರಿ ವ್ಯಾಪಾರದವನು, ಟ್ರ್ಯಾಕ್ ವಿಷಯ ನನಗೆ ಅಷ್ಟಕ್ಕಷ್ಟೇ. ಯೂಟ್ಯೂಬ್‌ನಲ್ಲಿ ಹುಡುಕಿದರೆ ನೀರಿನ ಗುಂಡಿಗೆ ಮುಖ ಅಡಿಯಾಗಿ ಬೀಳುವವರೇ ಕಾಣುತ್ತಾರೆ. ನನ್ನ ಹೆಂಡತಿ ಅದನ್ನು ನೋಡಿ ಬೇಡವೇ ಬೇಡ ಅಂದಳು. ಲಲಿತಾ ಈ ಓಟಕ್ಕೆ ಹೇಗೆ ಬಂದರು, ಎಷ್ಟು ವರ್ಷ ಓಡಿದರು, ಆಮೇಲೆ ಏನು ಮಾಡಿದರು? ಇದರಲ್ಲಿ ಒಂದು ದಾರಿ ಇದೆಯಾ ಅಂತ ತಿಳಿಯಬೇಕು.

ಕಾಲೇಜು_ದಿನಗಳು

ಯೂನಿವರ್ಸಿಟಿ ಮಟ್ಟದಲ್ಲಿ ನಾನೂ ಓಡಿದ್ದೇನೆ ಸಾರ್. ಒಂದೇ ಮಾತು: ಸಾಮಾನ್ಯ ಹರ್ಡಲ್‌ಗೆ ಕಾಲು ತಗುಲಿದರೆ ಹರ್ಡಲ್ ಬೀಳುತ್ತೆ. ಇಲ್ಲಿ ನಾವು ಬೀಳುತ್ತೇವೆ. ನನ್ನ ಎಡಗಾಲಿನ ಪಾದದ ಗಂಟು ಚಳಿಗಾಲದಲ್ಲಿ ಈಗಲೂ ನೋಯುತ್ತೆ. ಓದು ಬಿಡಿಸಬೇಡಿ.

ನೀರುಗುಂಡಿ_ಮೇಷ್ಟ್ರು

ಅಪ್ಪನವರೇ, ನಿಮ್ಮ ಕೋಚ್ ಸರಿಯಾದ ಹೆಸರನ್ನೇ ಹೇಳಿದ್ದಾರೆ. ಕೊಟ್ಟ ಕಾರಣ ಮಾತ್ರ ನನಗೆ ಒಪ್ಪಿಗೆ ಇಲ್ಲ. ನಾನು ರಿಟೈರ್ಡ್ ಪಿ.ಟಿ. ಮೇಷ್ಟ್ರು. ಅಥ್ಲೆಟಿಕ್ಸ್ ಕೂಟಗಳಲ್ಲಿ ನನಗೆ ವಾಟರ್ ಜಂಪ್ ಪಕ್ಕದ ಡ್ಯೂಟಿಯೇ ಬೀಳುತ್ತಿತ್ತು, ಪ್ಯಾಂಟು ಒದ್ದೆ ಮಾಡಿಕೊಳ್ಳಲು ಬೇರೆ ಯಾರೂ ಒಪ್ಪುತ್ತಿರಲಿಲ್ಲ! ಬೇರೆ ಕಡೆ ಆಗದವರನ್ನು ತಂದು ಇದಕ್ಕೆ ಹಾಕುವುದನ್ನು ಅಲ್ಲಿ ನಿಂತು ಬೇಕಾದಷ್ಟು ನೋಡಿದ್ದೇನೆ. ಆ ಮಕ್ಕಳು ನಾಲ್ಕನೇ ಲ್ಯಾಪ್ ಹೊತ್ತಿಗೆ ಬ್ಯಾರಿಯರ್ ಮುಂದೆ ಬಂದು ನಿಂತೇಬಿಡುತ್ತಾರೆ.

ಲಲಿತಾ ಹಾಗೆ ಬಂದವರಲ್ಲ. ಅವರ ಊರು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಾಣ್ ತಾಲ್ಲೂಕಿನ ಮೋಹಿ. ಬರದ ಸೀಮೆ. ಮೊದಲು ಹೆಸರು ಮಾಡಿದ್ದು ಮ್ಯಾರಥಾನ್‌ನಲ್ಲಿ. ಮುಂಬೈ ಮ್ಯಾರಥಾನ್‌ನಲ್ಲಿ ಭಾರತೀಯ ಮಹಿಳೆಯರ ಪೈಕಿ ಸತತ ಮೂರು ಸಲ ಮೊದಲು ಬಂದರು. ಮೂರನೆಯದು 2014ರ ಜನವರಿಯಲ್ಲಿ. ಅದೇ ವರ್ಷ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ 9:35.37ಕ್ಕೆ ಓಡಿ ರಾಷ್ಟ್ರೀಯ ದಾಖಲೆ ಮುರಿದರು. ಆಗ ಅವರಿಗೆ 25 ವರ್ಷ. 42 ಕಿಲೋಮೀಟರ್ ಓಡುವ ದಮ್ಮು ಆಗಲೇ ಇತ್ತು, ಅದರ ಮೇಲೆ ಹಾರುವುದನ್ನು ಕಲಿತರು. ನಿಮ್ಮ ಕೋಚ್ ಇದನ್ನು ತಲೆಕೆಳಗು ಮಾಡಿ ಹೇಳುತ್ತಿದ್ದಾರೆ.

ಇಂಚಿಯಾನ್‌ನಲ್ಲಿ ಒಂದು ಗಲಾಟೆಯೂ ಆಯಿತು. ಮೊದಲು ಬಂದ ಬಹ್ರೇನ್‌ನ ರುತ್ ಜೆಬೆಟ್ ಟ್ರ್ಯಾಕ್‌ನ ಒಳಗೆರೆ ತುಳಿದಳು ಅಂತ ಅನರ್ಹ ಮಾಡಿದರು. ಲಲಿತಾಗೆ ಬೆಳ್ಳಿ, ನಮ್ಮ ದೇಶದವರೇ ಆದ ಸುಧಾ ಸಿಂಗ್‌ಗೆ ಕಂಚು ಅಂತಾಯಿತು. ಬಹ್ರೇನ್ ಅಪೀಲು ಹಾಕಿ ಗೆದ್ದಿತು. ಲಲಿತಾ ಕಂಚಿಗೆ ಇಳಿದರು, ಸುಧಾ ಬರಿಗೈಯಲ್ಲಿ ವಾಪಸ್. ಆ ಜೆಬೆಟ್ಟೇ ಎರಡು ವರ್ಷದ ನಂತರ ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಳು. ಆಮೇಲೆ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದು ನಿಷೇಧಕ್ಕೂ ಒಳಗಾದಳು, ಅದು ಬೇರೆ ಕಥೆ.

2015ರ ಜನವರಿಯಲ್ಲಿ ಲಲಿತಾ ಮತ್ತೆ ಮುಂಬೈ ಮ್ಯಾರಥಾನ್ ಓಡಿದರು. ಸಮಯ 2:38:21, ಭಾರತೀಯರಲ್ಲಿ ಒ.ಪಿ. ಜೈಷಾ ನಂತರ ಎರಡನೆಯವರು. ಜೂನ್‌ನಲ್ಲಿ ವುಹಾನ್‌ನಲ್ಲಿ ಏಷ್ಯನ್ ಚಾಂಪಿಯನ್. ಆಗಸ್ಟ್‌ನಲ್ಲಿ ಬೀಜಿಂಗ್ ವಿಶ್ವ ಚಾಂಪಿಯನ್‌ಶಿಪ್‌ನ ಹೀಟ್‌ನಲ್ಲಿ (ಫೈನಲ್‌ಗೆ ಮುಂಚಿನ ಅರ್ಹತಾ ಓಟ) 9:27.86, ಫೈನಲ್‌ನಲ್ಲಿ ಎಂಟನೇ ಸ್ಥಾನ. ಎಂಟು ತಿಂಗಳಲ್ಲಿ ಒಂದೇ ಜೊತೆ ಕಾಲು ಇಷ್ಟೆಲ್ಲ ಮಾಡಿತು. ಹಿಂದೆ ಬೆಲಾರುಸ್‌ನ ಕೋಚ್ ನಿಕೊಲಾಯ್ ಸ್ನೆಸರೆವ್ ಇದ್ದರು. ತುಂಬಾ ಕಟ್ಟುನಿಟ್ಟಿನ ಮನುಷ್ಯ. ಜೈಷಾ, ಸುಧಾ, ಲಲಿತಾ ಎಲ್ಲ ಅವರ ಕೈಯಲ್ಲೇ ತಯಾರಾದವರು. 2021ರ ಮಾರ್ಚ್‌ನಲ್ಲಿ ಪಟಿಯಾಲದಲ್ಲಿ ತೀರಿಕೊಂಡರು.

ರಿಯೊ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಜನ ಅದನ್ನು ಮರೆತೇಬಿಟ್ಟಿದ್ದಾರೆ. 2016ರ ಮೇನಲ್ಲಿ ಸುಧಾ ಸಿಂಗ್ ಶಾಂಘೈನಲ್ಲಿ 9:26.55 ಓಡಿ ದಾಖಲೆಯನ್ನು ವಾಪಸ್ ತೆಗೆದುಕೊಂಡಿದ್ದರು. ಆಗಸ್ಟ್ 13ಕ್ಕೆ ರಿಯೊದಲ್ಲಿ ಹೀಟ್ಸ್. ಲಲಿತಾ ತಮ್ಮ ಹೀಟ್‌ನಲ್ಲಿ ನಾಲ್ಕನೆಯವರು. ನೇರ ಫೈನಲ್‌ಗೆ ಹೋಗುವುದು ಮೂವರು ಮಾತ್ರ. ಆದರೆ ಸಮಯ ನೋಡಿ: 9:19.76! ಏಳು ಸೆಕೆಂಡ್ ಹತ್ತಿರ ಒಂದೇ ಏಟಿಗೆ ಇಳಿಸಿದ್ದರು. ಆ ಸಮಯದ ಬಲದಲ್ಲೇ ಫೈನಲ್ ಸೇರಿದರು. 1984ರಲ್ಲಿ ಪಿ.ಟಿ. ಉಷಾ ಓಡಿದ ಮೇಲೆ ಹೀಟ್ ದಾಟಿ ಒಲಿಂಪಿಕ್ಸ್‌ನ ವೈಯಕ್ತಿಕ ಟ್ರ್ಯಾಕ್ ಫೈನಲ್‌ನಲ್ಲಿ ನಿಂತ ಮೊದಲ ಭಾರತೀಯ ಮಹಿಳೆ. ಫೈನಲ್ ಇದ್ದದ್ದು ಆಗಸ್ಟ್ 15ಕ್ಕೆ. ಹತ್ತನೇ ಸ್ಥಾನ, 9:22.74. ಹಿಂದಿನ ದಿನವಷ್ಟೇ ಜಿಮ್ನಾಸ್ಟಿಕ್ಸ್‌ನಲ್ಲಿ ದೀಪಾ ಕರ್ಮಾಕರ್ ನಾಲ್ಕನೇ ಸ್ಥಾನ ಬಂದಿದ್ದರು, ಅದೇ ವಾರ ಸಾಕ್ಷಿ, ಸಿಂಧು ಪದಕ ತಂದರು. ಹತ್ತನೇ ಸ್ಥಾನದವರನ್ನು ಯಾರು ಕೇಳುತ್ತಾರೆ? ಅರ್ಜುನ ಪ್ರಶಸ್ತಿ ಆ ವರ್ಷವೇ ಬಂತು ಅನ್ನುವುದೊಂದು ಸಮಾಧಾನ.

ಅಷ್ಟಕ್ಕೇ ಅವರ ದೊಡ್ಡ ಓಟಗಳು ಮುಗಿದವು. ಮುಂದೆ ಮಹಾರಾಷ್ಟ್ರ ಸರ್ಕಾರದ ಕಂದಾಯ ಇಲಾಖೆಯಲ್ಲಿ ಅಧಿಕಾರಿಯಾದರು. ಅಂದರೆ ಸ್ಟೀಪಲ್‌ಚೇಸ್‌ನಲ್ಲಿ ಮೇಲಿನ ಮಟ್ಟದಲ್ಲಿ ಇದ್ದದ್ದು ಸುಮಾರು ಮೂರು ಸೀಸನ್. ಅದರ ಹಿಂದೆ ರಸ್ತೆ ಓಟದ ವರ್ಷಗಳು ಎಷ್ಟಿದ್ದವು ಅನ್ನುವುದನ್ನು ಮರೆಯಬೇಡಿ.

ಇನ್ನು ಬೀಳುವ ವಿಷಯ. 3000 ಮೀಟರ್‌ನಲ್ಲಿ 28 ಬ್ಯಾರಿಯರ್, 7 ವಾಟರ್ ಜಂಪ್, ಒಟ್ಟು 35 ಸಲ ಹಾರಬೇಕು. ಹುಡುಗಿಯರಿಗೆ ಎತ್ತರ 76.2 ಸೆಂಟಿಮೀಟರ್. ಅದು ಅಂಥ ಎತ್ತರವೇನಲ್ಲ. ಆದರೆ ಒಂದೊಂದು ಬ್ಯಾರಿಯರ್ 80ರಿಂದ 100 ಕಿಲೋ ತೂಕ, ಮೇಲಿನವರು ಹೇಳಿದ ಹಾಗೆ ಅದು ಜಗ್ಗುವುದಿಲ್ಲ. ಗುಂಪಿನಲ್ಲಿ ಓಡುವಾಗ ಮುಂದಿನವರ ಬೆನ್ನು ಅಡ್ಡ ಬಂದು ಬ್ಯಾರಿಯರ್ ಕಾಣುವುದೇ ಕೊನೆಯ ಎರಡು ಹೆಜ್ಜೆಯಲ್ಲಿ. ನೀರಿನ ಗುಂಡಿ 3.66 ಮೀಟರ್ ಉದ್ದ. ಬ್ಯಾರಿಯರ್ ಬುಡದಲ್ಲಿ ಆಳ, ಆಚೆ ಹೋದಷ್ಟೂ ಮೇಲೆ ಏರಿ ಟ್ರ್ಯಾಕ್ ಮಟ್ಟಕ್ಕೆ ಬರುತ್ತೆ. ಅದಕ್ಕೇ ಬ್ಯಾರಿಯರ್ ಮೇಲೆ ಒಂದು ಕಾಲಿಟ್ಟು, ಅದನ್ನು ಹಿಂದಕ್ಕೆ ಒದ್ದು ದೂರ ಹಾರುತ್ತಾರೆ. ಹೆದರಿ ಮೇಲಕ್ಕೆ ನೆಗೆದವರು ಆಳದಲ್ಲಿ ಬೀಳುತ್ತಾರೆ. ನೀವು ಯೂಟ್ಯೂಬ್‌ನಲ್ಲಿ ನೋಡಿದ್ದು ಬಹುಪಾಲು ಇವರನ್ನೇ.

ಕಂಠೀರವ_ಗ್ಯಾಲರಿ

ಮೇಷ್ಟ್ರು ಲಲಿತಾ ಅಭಿಮಾನಿ ಅಂತ ಗೊತ್ತಾಯಿತು 😄 ಆದರೆ ಮೂರೇ ಸೀಸನ್ ಅಂತ ಓದಿ ಅಪ್ಪನವರು ಹೆದರಬಾರದು. ಸುಧಾ ಸಿಂಗ್ ನೋಡಿ. ಉತ್ತರ ಪ್ರದೇಶದ ರಾಯ್‌ಬರೇಲಿಯವರು. ಮಹಿಳೆಯರ ಸ್ಟೀಪಲ್‌ಚೇಸ್ ಏಷ್ಯನ್ ಗೇಮ್ಸ್‌ಗೆ ಮೊದಲ ಸಲ ಬಂದದ್ದು 2010ರ ಗುವಾಂಗ್‌ಝೌನಲ್ಲಿ, ಆ ಮೊದಲ ಚಿನ್ನವೇ ಸುಧಾದು. ಎಂಟು ವರ್ಷ ಬಿಟ್ಟು 2018ರ ಜಕಾರ್ತದಲ್ಲಿ ಬೆಳ್ಳಿ. ನಡುವೆ ಎರಡು ಒಲಿಂಪಿಕ್ಸ್. ರಿಯೊದಿಂದ ಬೆಂಗಳೂರಿಗೆ ಬಂದಾಗ ಜ್ವರ ಅಂತ ಆಸ್ಪತ್ರೆ ಸೇರಿದ್ದರು. ಎಲ್ಲರೂ ಝಿಕಾ ಅಂತ ಗಾಬರಿಯಾದರು. ಟೆಸ್ಟ್‌ನಲ್ಲಿ ಬಂದದ್ದು ಎಚ್1ಎನ್1. ಅದಾದ ಮುಂದಿನ ವರ್ಷವೇ ಭುವನೇಶ್ವರದಲ್ಲಿ ಏಷ್ಯನ್ ಚಾಂಪಿಯನ್!

"ಫಿನಿಶ್ ಇಲ್ಲ" ಅನ್ನುವ ಕೋಚ್‌ಗೆ ಪಾರುಲ್ ಚೌಧರಿ ಓಟ ತೋರಿಸಿ. ಮೀರತ್ ಕಡೆಯವರು. 2023ರ ಆಗಸ್ಟ್‌ನಲ್ಲಿ ಬುಡಾಪೆಸ್ಟ್‌ನಲ್ಲಿ 9:15.31 ಓಡಿ ಲಲಿತಾ ಅವರ ಏಳು ವರ್ಷದ ದಾಖಲೆ ಮುರಿದರು. ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಒಂದು ದಿನ ಸ್ಟೀಪಲ್‌ಚೇಸ್ ಬೆಳ್ಳಿ, ಮರುದಿನ 5000 ಮೀಟರ್ ಚಿನ್ನ. ಆ 5000ದಲ್ಲಿ ಜಪಾನ್ ಓಟಗಾರ್ತಿಯನ್ನು ಹಿಂದೆ ಹಾಕಿದ್ದು ಕೊನೆಯ ಕೆಲವೇ ಮೀಟರ್‌ಗಳಲ್ಲಿ. ಚಿನ್ನ ಗೆದ್ದರೆ ಯುಪಿ ಪೊಲೀಸ್‌ನಲ್ಲಿ ಡಿಎಸ್‌ಪಿ ಮಾಡುತ್ತಾರೆ ಅನ್ನುವುದು ಆ ಹೊತ್ತಿನಲ್ಲಿ ತಲೆಗೆ ಬಂತು ಅಂತ ಅವರೇ ಆಮೇಲೆ ಹೇಳಿದರು. ಅಲ್ಲಿಗೆ ಇದರಲ್ಲಿ ಒಂದು ದಾರಿ ಇದೆಯಾ ಅನ್ನುವ ನಿಮ್ಮ ಪ್ರಶ್ನೆಗೂ ಉತ್ತರ ಸಿಕ್ಕಿತಲ್ವಾ? ಕ್ರೀಡೆಯಿಂದ ಸರ್ಕಾರಿ ಕೆಲಸ ಸಿಗುತ್ತೆ, ಆದರೆ ಆ ಮಟ್ಟದ ಪದಕ ಬೇಕು. ಅದಕ್ಕಿಂತ ಕೆಳಗೆ ರೈಲ್ವೆ, ಪೊಲೀಸ್ ಸ್ಪೋರ್ಟ್ಸ್ ಕೋಟಾ ಇದೆ, ಅಲ್ಲಿ ನೂಕುನುಗ್ಗಲು.

ಅರಸೀಕೆರೆ_ಅಪ್ಪ

ಎಲ್ಲರಿಗೂ ಧನ್ಯವಾದ. ಓದು ಬಿಡಿಸುವ ಮಾತೇ ಇಲ್ಲ. ಮೇಷ್ಟ್ರೇ, ಹಾಗಾದರೆ ಈಗಲೇ ಹಾಕಬಾರದಾ? ಕೋಚ್ ಮುಂದಿನ ತಿಂಗಳಿಂದಲೇ ಶುರು ಮಾಡೋಣ ಅನ್ನುತ್ತಿದ್ದಾರೆ. ನಮ್ಮ ಕಡೆ ವಾಟರ್ ಜಂಪ್ ಇರುವ ಗ್ರೌಂಡೇ ಇಲ್ಲ.

ನೀರುಗುಂಡಿ_ಮೇಷ್ಟ್ರು

ಹಾಕಬಾರದು ಅಂತ ನಾನು ಹೇಳಲಿಲ್ಲ. ನೀರು ಈಗಲೇ ಬೇಕಿಲ್ಲ. ಹುಲ್ಲಿನ ಮೇಲೆ ಕಡಿಮೆ ಎತ್ತರದ ಹರ್ಡಲ್ ಇಟ್ಟು ಯಾವ ಕಾಲು ಮುಂದೆ ಬಂದರೂ ಹಾರುವುದನ್ನು ಕಲಿಸಲಿ. ಬರೀ ಬಲಗಾಲು ಮುಂದೆ ಬರುವ ಮಕ್ಕಳು ಪ್ರತಿ ಬ್ಯಾರಿಯರ್ ಮುಂದೆ ಹೆಜ್ಜೆ ಕತ್ತರಿಸಿ ಸಮಯ ಕಳೆದುಕೊಳ್ಳುತ್ತಾರೆ. ಲಾಂಗ್ ಜಂಪ್ ಮರಳಿನ ಮುಂದೆ ಅಲ್ಲಾಡದ ಗಟ್ಟಿ ಪೆಟ್ಟಿಗೆ ಇಟ್ಟು, ಅದರ ಮೇಲೆ ಕಾಲಿಟ್ಟು ದೂರ ಹಾರಿಸಬಹುದು. ವಾಟರ್ ಜಂಪ್‌ನ ಅರ್ಧ ಪಾಠ ಅಲ್ಲೇ ಆಗುತ್ತೆ. ಅವಳ ವಯಸ್ಸಿನ ಗುಂಪಿನಲ್ಲಿ 2000 ಮೀಟರ್ ಸ್ಟೀಪಲ್‌ಚೇಸ್ ಇದ್ದರೆ ಮೊದಲು ಅದನ್ನೇ ಓಡಲಿ.

ಅದಕ್ಕಿಂತ ಮುಖ್ಯ, ಅವಳ 3000 ಮೀಟರ್ ಸಮಯ ಎಷ್ಟು ಅಂತ ಹೇಳಿ. ಹಾರುವುದು ಚೆನ್ನಾಗಿ ಬಂದವರಿಗೂ ಬರೀ ಓಟಕ್ಕಿಂತ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತೆ.

ಅರಸೀಕೆರೆ_ಅಪ್ಪ

11 ನಿಮಿಷ 4 ಸೆಕೆಂಡ್. ಮಣ್ಣಿನ ಟ್ರ್ಯಾಕ್.

ನೀರುಗುಂಡಿ_ಮೇಷ್ಟ್ರು

ಮಣ್ಣಿನಲ್ಲಿ ಅದು ಕೆಟ್ಟ ಸಮಯವೇನಲ್ಲ. ಸಿಂಥೆಟಿಕ್‌ನಲ್ಲಿ ಒಮ್ಮೆ ಓಡಿಸಿ ನೋಡಿ. ಈ ವರ್ಷ ಅದನ್ನು 10:30ರ ಒಳಗೆ ತರುವುದೇ ಕೆಲಸ ಅಂದುಕೊಳ್ಳಿ. ಹರ್ಡಲ್ ವಾರಕ್ಕೆರಡು ದಿನ ಪಕ್ಕದಲ್ಲಿ ನಡೆಯಲಿ. ಕೋಚ್ ಒಪ್ಪದಿದ್ದರೆ ನನಗೆ ಮೆಸೇಜ್ ಮಾಡಿ, ಮಾತಾಡುತ್ತೇನೆ.