ಹೊಸ ಪದ್ಧತಿ ಬಂದಿದೆ, ಹಳೆಯ ರಿಜಿಸ್ಟರ್ ಹೋಗಿಲ್ಲ

ಪ್ರಶ್ನೆ: ಮೇಡಂ, ಬಿಡಿಭಾಗ ತಯಾರಿಸುವ ಘಟಕವೊಂದರ ಮೇಲ್ವಿಚಾರಣೆ ನನ್ನದು. ದಾಸ್ತಾನಿನ ಲೆಕ್ಕವನ್ನು ರಿಜಿಸ್ಟರಿನಿಂದ ಕಂಪ್ಯೂಟರಿಗೆ ಬದಲಾಯಿಸಿ ನಾಲ್ಕು ತಿಂಗಳಾಯಿತು. ಸುತ್ತೋಲೆ ಹೊರಡಿಸಿ, ಎಲ್ಲರಿಗೂ ಎರಡು ದಿನ ತರಬೇತಿ ಕೊಟ್ಟೆವು. ಆದರೂ ಉಗ್ರಾಣದವರು ದಿನವಿಡೀ ರಿಜಿಸ್ಟರಿನಲ್ಲೇ ಬರೆದುಕೊಂಡು, ಪಾಳಿ ಮುಗಿಯುವ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಕಂಪ್ಯೂಟರಿಗೆ ಏರಿಸುತ್ತಾರೆ. ಶಿಸ್ತುಕ್ರಮ ಕೈಗೊಳ್ಳಬಹುದೇ?

ಉತ್ತರ: ಸದ್ಯಕ್ಕೆ ಬೇಡ. ಒಂದೇ ಲೆಕ್ಕವನ್ನು ಎರಡು ಬಾರಿ ಬರೆಯುವ ತೊಂದರೆಯನ್ನು ಯಾರೂ ಸುಮ್ಮನೆ ಮೈಮೇಲೆ ಎಳೆದುಕೊಳ್ಳುವುದಿಲ್ಲವಾದ್ದರಿಂದ, ಹಳೆಯ ರಿಜಿಸ್ಟರು ಅವರಿಗೆ ಇನ್ನೂ ಯಾವುದೋ ಕೆಲಸಕ್ಕೆ ಬರುತ್ತಿದೆ ಎಂದೇ ತಿಳಿಯಬೇಕು. ಸಮಾಜ ಮನೋವಿಜ್ಞಾನಿ ಕರ್ಟ್ ಲೆವಿನ್ 1947ರಲ್ಲಿ ಇದನ್ನು ಎರಡು ಬಗೆಯ ಬಲಗಳ ಸಮತೋಲವೆಂದು ವಿವರಿಸಿದರು: ಒಂದು ಬದಲಾವಣೆಯತ್ತ ತಳ್ಳುತ್ತದೆ, ಇನ್ನೊಂದು ಇದ್ದಲ್ಲೇ ಹಿಡಿದಿಡುತ್ತದೆ. ತಳ್ಳುವ ಬಲವನ್ನಷ್ಟೇ ಹೆಚ್ಚಿಸಿದರೆ ಬದಲಾವಣೆಯೊಂದಿಗೆ ಒಳಗಿನ ಬಿಗುವೂ ಏರುತ್ತದೆ. ಹಿಡಿದಿಟ್ಟದ್ದನ್ನು ಸಡಿಲಿಸಿದರೆ ಬಿಗುವು ಇಳಿಯುತ್ತದೆ. ಸುತ್ತೋಲೆ, ತರಬೇತಿ, ಈಗ ಶಿಸ್ತುಕ್ರಮ, ಮೂರೂ ತಳ್ಳುವ ಕಡೆಯವೇ.

ಅಮೆರಿಕದ ಪೈಜಾಮ ಕಾರ್ಖಾನೆಯೊಂದರಲ್ಲಿ ನಡೆದು 1948ರಲ್ಲಿ ಪ್ರಕಟವಾದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕೆಲಸದ ವಿಧಾನ ಬದಲಾಗಿದೆ ಎಂದು ಬರಿದೇ ತಿಳಿಸಲಾದ ಗುಂಪಿನಲ್ಲಿ ಉತ್ಪಾದನೆ ಕುಸಿದು ಮೇಲೇಳಲಿಲ್ಲ, 40 ದಿನಗಳೊಳಗೆ ಶೇ. 17ರಷ್ಟು ಮಂದಿ ಕೆಲಸ ಬಿಟ್ಟರು. ಹೊಸ ವಿಧಾನವನ್ನು ರೂಪಿಸುವುದರಲ್ಲೇ ಪಾಲ್ಗೊಂಡ ಗುಂಪುಗಳು ಬೇಗ ಚೇತರಿಸಿಕೊಂಡವು. ಅಲ್ಲಿ ಆ ಅವಧಿಯಲ್ಲಿ ಯಾರೂ ಕೆಲಸ ಬಿಡಲಿಲ್ಲ. ನೀವು ಉಗ್ರಾಣದಲ್ಲಿ ಒಂದು ಪಾಳಿ ಪೂರ್ತಿ ಕುಳಿತು, ರಿಜಿಸ್ಟರನ್ನು ಯಾರು, ಯಾವಾಗ, ಯಾಕೆ ತೆರೆಯುತ್ತಾರೆ ಎಂಬುದನ್ನು ಗಮನಿಸಿ ಬನ್ನಿ. ದಯವಿಟ್ಟು ಬುದ್ಧಿ ಹೇಳುವುದನ್ನು ಅಂದಿನ ಮಟ್ಟಿಗೆ ಬಿಟ್ಟುಬಿಡಿ.

ಮರುಪ್ರಶ್ನೆ: ಕುಳಿತು ನೋಡಿದೆ. ಕಂಪ್ಯೂಟರ್ ಇರುವುದು ಒಳಗಿನ ಕೋಣೆಯಲ್ಲಿ, ಸಾಮಾನು ಇಳಿಯುವುದು ಹೊರಗಿನ ಬಾಗಿಲಲ್ಲಿ. ಪ್ರತಿ ಬಾರಿಯೂ ಕೈಗವಸು ಕಳಚಿ ಒಳಗೆ ನಡೆಯಬೇಕು. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ತಿಂಗಳ ಕೊನೆಗೆ ನಮ್ಮ ಲೆಕ್ಕಪತ್ರ ವಿಭಾಗವೇ ರಿಜಿಸ್ಟರಿನ ಸಹಿ ಇರುವ ಪುಟವನ್ನು ಕೇಳುತ್ತಿದೆ.

ಉತ್ತರ: ಹಾಗಾದರೆ ಉಗ್ರಾಣದವರು ಆಜ್ಞೆಯನ್ನು ಮೀರಿಲ್ಲ, ಒಂದೇ ಸಂಸ್ಥೆ ಕೊಟ್ಟ ಎರಡು ಆಜ್ಞೆಗಳನ್ನೂ ಪಾಲಿಸುತ್ತಿದ್ದಾರೆ. ಮೊದಲು ಲೆಕ್ಕಪತ್ರ ವಿಭಾಗದ ಮುಖ್ಯಸ್ಥರೊಂದಿಗೆ ಮಾತನಾಡಿ, ಕಂಪ್ಯೂಟರಿನ ವರದಿಯನ್ನೇ ದಾಖಲೆಯೆಂದು ಒಪ್ಪುವುದಾಗಿ ಅವರಿಂದ ಲಿಖಿತವಾಗಿ ಪಡೆಯಿರಿ. ಕಂಪ್ಯೂಟರನ್ನು ಬಾಗಿಲ ಬಳಿಗೆ ಸರಿಸಿ. ಎಲ್ಲಿ, ಎಷ್ಟು ಎತ್ತರದಲ್ಲಿ ಎಂಬುದನ್ನು ಉಗ್ರಾಣದವರೇ ತೀರ್ಮಾನಿಸಲಿ. ಆಮೇಲೆ ಎರಡು ವಾರ ಎರಡೂ ಲೆಕ್ಕಗಳನ್ನು ಪ್ರತಿದಿನ ತಾಳೆ ನೋಡಿ, ವ್ಯತ್ಯಾಸ ನಿಂತ ಮೇಲೆ ರಿಜಿಸ್ಟರ್ ಮುಚ್ಚುವ ದಿನಾಂಕವನ್ನು ಅವರೊಂದಿಗೆ ಕೂತು ಗೊತ್ತುಮಾಡಿ. ವಿದ್ಯುತ್ ಹೋದಾಗ ಬರೆದುಕೊಳ್ಳಲು ಬಿಡಿ ಹಾಳೆಗಳನ್ನು ಕೊಡಿ, ಹೊಸ ರಿಜಿಸ್ಟರನ್ನು ಮಾತ್ರ ಕೊಡಬೇಡಿ.