ರಾತ್ರಿ 1.20ಕ್ಕ ಮತ್ತ ಅದ ಗಾಡಿ
(ಧಾರವಾಡದ ಒಂದು ಓಣಿಯವರ ಮೊಬೈಲ್ ಗುಂಪಿನ ಮಾತುಕತಿ)

14ನೇ ಮನಿ (ರಾತ್ರಿ 1.34)
ಯಾರರ ಎದ್ದೀರೇನು? ಇಲ್ಲಾ ಎಲ್ಲಾರಿಗೂ ರೂಢಿ ಆಗಿಬಿಟ್ಟದೋ? 1.20ಕ್ಕ ಮತ್ತ ಅದ ಗಾಡಿ, ಸೈಲೆನ್ಸರ್ ಬಿಚ್ಚಿದ ಬೈಕು. ಸಪ್ತಾಪುರ ಬಾವಿ ಕಡಿಂದ ಬಂದು ನಮ್ಮ ತಿರುವಿನ್ಯಾಗ ಮೂರು ಸರ್ತಿ ಢಂ ಢಂ ಢಂ ಅನಿಸಿ ಹೋದ. ಅತ್ತಿಯವರಿಗೆ ಬೈಪಾಸ್ ಆಗಿ 19 ದಿನ. ಒಮ್ಮೆಲೇ ಎದ್ದು ಕುಂತು ಎದಿ ಮ್ಯಾಲಿನ ಹೊಲಿಗಿ ಎರಡೂ ಕೈಲೆ ಒತ್ತಿ ಹಿಡಕೊಂಡ್ರು. ನೀರು ಕುಡಸಾಕ ಹೋದ್ರ ಸ್ಟೀಲ್ ಲೋಟ ಹಲ್ಲಿಗೆ ಟಕಟಕ ಬಡೀತಿತ್ತು. "ಎಲ್ಲೆ ಏನ್ ಸಿಡೀತವಾ" ಅಂತ ಕೇಳ್ತಾರ. ಏನ್ ಹೇಳ್ಲಿ ಅವರಿಗೆ?

14ನೇ ಮನಿ (1.37)
ಈ ವಾರದಾಗ ಇದು ನಾಕನೇ ರಾತ್ರಿ. ನಾ ಇನ್ನ ಸುಮ್ಮನ ಕೂಡಾಂಗಿಲ್ಲ. ಮುಂಜಾನಿ ಪೊಲೀಸರಿಗೆ ಕಾಗದ ಬರೀತೀನಿ. ಹತ್ತು ಮನಿ ಸಹಿ ಬೇಕು, ಅಷ್ಟ.

ಕಿರಾಣಿ ಅಂಗಡಿ ಕಾಕಾ (ಮುಂಜಾನಿ 5.48)
ಫಾರ್ವರ್ಡ್: ಶುಭ ಮುಂಜಾನೆ. ಖಾಲಿ ಹೊಟ್ಟೆಯಲ್ಲಿ ಜೀರಿಗೆ ನೀರು ಕುಡಿಯಿರಿ, ನೂರು ರೋಗ ದೂರವಿಡಿ. ಈ ಸಂದೇಶವನ್ನು ಹನ್ನೊಂದು ಜನರಿಗೆ ಕಳಿಸಿ.

9ನೇ ಮನಿ ಮಾಸ್ತರು (6.15)
ನಾನೂ ಎದ್ದಿದ್ದೆ ತಂಗಿ. ಕಿಡಕಿಗೆ ಬಂದು ನೋಡೂದ್ರಾಗ ತಿರುವು ದಾಟಿದ್ದ. ಕೆಎ 25 ಅಷ್ಟ ಕಾಣಿಸ್ತು, ಮುಂದಿನ ನಂಬರ್ ಪಟ್ಟಿ ಮಡಚಿದಂಗಿತ್ತು. ಅತ್ತಿಯವರು ಈಗ ಹೆಂಗದಾರ?

14ನೇ ಮನಿ (6.19)
ನಾಕೂವರಿಗೆ ಕಣ್ಣು ಹತ್ತಿದ್ವು ಸರ್. ಇನ್ನೂ ಎಬ್ಬಿಸಿಲ್ಲ.

3ನೇ ಮನಿ, ಕಾರ್ಯದರ್ಶಿ (6.40)
ಎಲ್ಲಾರಿಗೂ ನಮಸ್ಕಾರ. ಈಗ ಕಣ್ಣು ತೆರೀತೇನು ನಿಮಗ? ತಿರುವಿನ್ಯಾಗ ಹಂಪ್ ಹಾಕಸೂಣು ಅಂತ ನಾ ಅಲದಾಡಿದಾಗ ಬ್ಯಾಡಂದವರು ಯಾರು? ಪಾಲಿಕೆಯವರು ಬಂದು ಅಳತಿ ತಗೊಂಡು ಹೋಗಿದ್ರು. "ನಮ್ಮ ಕಾರಿನ ತಳ ತಾಗತದ" ಅಂದು ತಡದವರು ಇವತ್ತಿಗೂ ಈ ಗುಂಪಿನ್ಯಾಗ ಅದಾರ.

3ನೇ ಮನಿ, ಕಾರ್ಯದರ್ಶಿ (6.42)
ಹೆಸರು ಹೇಳಾಂಗಿಲ್ಲ. ಅವರಿಗೆ ಗೊತ್ತದ.

27ನೇ ಮನಿ (6.50)
ನನಗ ಹೇಳೂದಿದ್ರ ನೇರ ಹೇಳ್ರಿ. ನಮ್ಮಪ್ಪಗ ಬೆನ್ನು ನೋವು ಅಂತ ಬ್ಯಾಡ ಅಂದಿದ್ದೆ. ಹಂಪ್ ಹಾಕಿದ್ರ ಗಾಡಿ ಸ್ಲೋ ಆಗಿ ಗೇರ್ ಬದಲಿಸಿ ಮತ್ತ ರೈಸ್ ಮಾಡ್ತಾರ, ಸಪ್ಪಳ ಇಮ್ಮಡಿ ಆಗತದ. ಆವಾಗೂ ಇದನ್ನ ಹೇಳಿದ್ದೆ.

3ನೇ ಮನಿ, ಕಾರ್ಯದರ್ಶಿ (6.53)
ಹೇಳಿದ್ರಿ, ಹೇಳಿದ್ರಿ. ಇನ್ನ ಪಿಜಿ ವಿಷಯ ತಗೋರಿ. ನಮ್ಮ ಓಣ್ಯಾಗ ಮದ್ಲ ಇಂಥಾ ಗಾಡಿ ಇದ್ವೇನು? ಕೋಚಿಂಗ್ ಕ್ಲಾಸಿನ ಹುಡುಗೂರಿಗೆ ಮನಿಮನಿಗೂ ಮಾಳಿಗಿ ಮ್ಯಾಲೆ ರೂಮ್ ಕಟ್ಟಿ ಕೊಟ್ಟಿರಿ. ಬಾಡಿಗಿ ಎಣಿಸಿಕೊಳ್ಳಾಕ ಮುಂದ, ಹುಡುಗೂರು ಎಷ್ಟಕ್ಕ ಬರ್ತಾರ ನೋಡಾಕ ಹಿಂದ.

31ನೇ ಮನಿ (7.05)
ಅಣ್ಣಾರ, ನಮ್ಮ ಮನ್ಯಾಗ 14 ಹುಡುಗೂರು ಅದಾರ. ಅದರಾಗ ಗಾಡಿ ಇರೂದು ಇಬ್ಬರಿಗೆ, ಅದೂ ಹಳೇ ಸ್ಪ್ಲೆಂಡರ್. ರಾತ್ರಿ ಹತ್ತಕ್ಕ ಗೇಟಿಗೆ ಕೀಲಿ ಹಾಕ್ತೀನಿ. ಬಡವರ ಮಕ್ಕಳು ಪರೀಕ್ಷಾ ಬರ್ಯಾಕ ಬಂದಾರ, ಅವರ ಮ್ಯಾಲೆ ಯಾಕ ಹಾಕ್ತೀರಿ?

26ನೇ ಮನಿ ಬಾಡಿಗಿದಾರರು (7.11)
ನಮಸ್ಕಾರ. ನಾನು ಕೆಎಎಸ್‌ಗೆ ಓದುತ್ತಿರುವವಳು. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ನಾಲ್ಕಕ್ಕೆ ಏಳುತ್ತೇವೆ. ನಡುವೆ ಆ ಗಾಡಿ ಬಂದರೆ ಮರುದಿನದ ಓದು ಹೋದಂತೆಯೇ. ನಮ್ಮ ರೂಮಿನ ನಾಲ್ವರೂ ಸಹಿ ಮಾಡುತ್ತೇವೆ ಅಕ್ಕ.

3ನೇ ಮನಿ, ಕಾರ್ಯದರ್ಶಿ (7.13)
ಬಾಡಿಗಿಯವರನ್ನ ಗುಂಪಿಗೆ ಯಾರು ಸೇರಿಸಿದ್ರು? ಮಾಲಕರು ಅಷ್ಟ ಇರಬೇಕು ಅಂತ ಮೀಟಿಂಗಿನ್ಯಾಗ ಠರಾವು ಆಗಿತ್ತು.

14ನೇ ಮನಿ (7.14)
ನಾ ಸೇರಿಸೀನಿ. ಅವರ ಕಿವಿಗೂ ಸಪ್ಪಳ ಕೇಳಸ್ತದ. ಸಹಿಯೊಳಗ ಮಾಲಕರು, ಬಾಡಿಗಿಯವರು ಅಂತ ಭೇದ ಬ್ಯಾಡ. ಈಗ 9, 26, ನಾನು, ಮೂರು ಮನಿ ಆತು. ಇನ್ನ ಏಳು ಬೇಕು.

20ನೇ ಮನಿ (7.30)
ಎಲ್ಲಾ ಮನಿಯೊಳಗೂ ಗಂಡ ಸೈಲೆನ್ಸರ್, ಹೆಂಡ್ತಿ ಹಾರ್ನು. ಆರ್‌ಟಿಒದವರು ಅದಕ್ಕ ಏನ್ ದಂಡ ಹಾಕ್ತಾರ ಕೇಳ್ರಿ.

14ನೇ ಮನಿ (7.31)
ಮಾಮಾ, ದಯವಿಟ್ಟು ಬ್ಯಾಡ್ರಿ. ಮನ್ಯಾಗ ಪೇಷಂಟ್ ಅದಾರ.

20ನೇ ಮನಿ (7.38)
ತಪ್ಪಾತವಾ. ನಂದೂ ಒಂದು ಸಹಿ ಹಚ್ಚು.

17ನೇ ಮನಿ ವಕೀಲರು (8.20)
ಕೋರ್ಟಿಗೆ ಹೊರಡೂ ಮುಂಚೆ ಬರದು ಬಿಡ್ತೀನಿ, ಸಾವಕಾಶ ಓದ್ರಿ. ಧ್ವನಿ ಮಾಲಿನ್ಯದ ನಿಯಮ 2000ನೇ ಇಸವಿದು. ವಸತಿ ಪ್ರದೇಶಕ್ಕ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದ್ರ ಹತ್ತರಿಂದ ಮುಂಜಾನಿ ಆರು. ಆದ್ರ ಈ ಮಿತಿ ಇಡೀ ಪ್ರದೇಶದ್ದು, ಅದನ್ನ ಹಿಡಕೊಂಡು ಒಂದು ಗಾಡಿ ಹಿಂದ ಹೋಗಾಕ ಬರೂದಿಲ್ಲ. ಗಾಡಿಗೆ ಮೋಟಾರು ವಾಹನ ಕಾಯ್ದೆ ಹಿಡೀಬೇಕು. 190ನೇ ಕಲಮಿನ ಎರಡನೇ ಉಪಕಲಮು: ಶಬ್ದದ ನಿಯಮ ಮುರದ್ರ 10,000 ರೂಪಾಯಿ ತನಕ ದಂಡ, ಇಲ್ಲಾ ಮೂರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಲೈಸೆನ್ಸೂ ಮೂರು ತಿಂಗಳು ಹೋಗತದ. ಓಡಸಾಂವ 18 ತುಂಬದ ಹುಡುಗ ಇದ್ರ ಮಾತು ಬ್ಯಾರೆ. 2019ರ ತಿದ್ದುಪಡಿ ಪ್ರಕಾರ ಅಪ್ಪಗ ಅಥವಾ ಗಾಡಿ ಮಾಲಕಗ 25,000 ದಂಡ, ಮೂರು ವರ್ಷದ ತನಕ ಜೈಲು. ಗಾಡಿ ನೋಂದಣಿ ಒಂದು ವರ್ಷ ರದ್ದು. ಇಷ್ಟೆಲ್ಲಾ ಅದ, ಖರೇ. ಆದ್ರ ನಂಬರ್ ಇಲ್ಲದ ದೂರು ಗಾಳಿ ಗುದ್ದಿ ಮೈ ನೋಯಿಸಿಕೊಂಡಂಗ. ಮದ್ಲ ನಂಬರ್ ಹಿಡೀರಿ.

3ನೇ ಮನಿ, ಕಾರ್ಯದರ್ಶಿ (8.31)
ವಕೀಲರ, 45 ಅಂತೀರಿ, ಬೈಕಿಂದು 80 ಇರಬಹುದು. ಎರಡು ಪಟ್ಟೂ ಇಲ್ಲ. ಅದಕ್ಕ ಜೈಲು ತನಕ ಯಾಕ? ಕರದು ಬುದ್ಧಿ ಹೇಳಿದ್ರ ಆತು.

9ನೇ ಮನಿ ಮಾಸ್ತರು (8.52)
ಇಲ್ಲೆ ಲೆಕ್ಕ ತಪ್ಪತದ ನೋಡ್ರಿ. ಹೈಸ್ಕೂಲಿನ್ಯಾಗ ಇಪ್ಪತ್ತು ವರ್ಷ ವಿಜ್ಞಾನ ಕಲಿಸೀನಿ, ಇದನ್ನ ಹೇಳಲಾರದ ಇರಾಕ ಆಗೂದಿಲ್ಲ. ಡೆಸಿಬಲ್ ಅನ್ನೂದು ಕೂಡಿಸೂ ಲೆಕ್ಕ ಅಲ್ಲ, ಗುಣಿಸೂ ಲೆಕ್ಕ. ಪ್ರತಿ ಹತ್ತಕ್ಕ ಶಬ್ದದ ಶಕ್ತಿ ಹತ್ತು ಪಟ್ಟು ಏರತದ. 45ರಿಂದ 80ಕ್ಕ ಹೋದ್ರ ಮೂರು ಸಾವಿರ ಪಟ್ಟಿಗೂ ಹೆಚ್ಚಾತು. ಕಿವಿ ಅಷ್ಟು ಗುರತಾ ಹಿಡಿಯೂದಿಲ್ಲ, ಹತ್ತಕ್ಕ ಎರಡು ಪಟ್ಟು ಅಂತ ತಿಳೀತದ. ಅಂದ್ರೂ ಹತ್ತು ಪಟ್ಟಿನ ಮ್ಯಾಲಾತು. ಮತ್ತ 80 ಅನ್ನೂದು 175 ಸಿಸಿ ಮ್ಯಾಲಿನ ಹೊಸಾ ಗಾಡಿಗೆ ಸರಕಾರ ಹಾಕಿದ ಮಿತಿ, ಏಳೂವರಿ ಮೀಟರ್ ದೂರದಿಂದ ಅಳದದ್ದು. ಸೈಲೆನ್ಸರ್ ಬಿಚ್ಚಿದ ಗಾಡಿ ಲೆಕ್ಕ ನೀವ ಮಾಡ್ರಿ.

40ನೇ ಮನಿ, ಗ್ಯಾರೇಜ್ ಹುಡುಗ (9.10)
ಮಾಸ್ತರ ಹೇಳಿದ್ದು ಖರೇ ಐತ್ರಿ. ನಾ ದಿನಾ ನೋಡ್ತೀನಿ, ಅದಕ್ಕ ಹೇಳ್ತೀನಿ. ಕಂಪನಿ ಸೈಲೆನ್ಸರ್ ಒಳಗ ಅಡ್ಡ ತಗಡು, ತೂತಿನ ಕೊಳವಿ ಇರ್ತಾವು. ಹೊಗಿ ಅದರಾಗ ಹಾದು, ತಿರುಗಿ, ಮತ್ತ ಹಾದು ಹೊರಗ ಬರೂದ್ರಾಗ ಅದರ ಜೋರು ಇಳದಿರ್ತೈತಿ. ಈ ಹುಡುಗೂರು ಅದನ್ನ ಕೊಯ್ದು ತಗಸ್ತಾರ, ಇಲ್ಲಾ ಇಂದೋರಿ ಅಂತ ಬರೇ ಕೊಳವಿ ಹಾಕಸ್ತಾರ. ಅಕ್ಕಾರು ಹೇಳಿದ ಢಂ ಢಂ ಬ್ಯಾರೆ ಆಟ. ಓಡೂ ಗಾಡಿದು ಸ್ವಿಚ್ ಬಂದ್ ಮಾಡಿ ಪಟಕ್ಕನ ಚಾಲೂ ಮಾಡ್ತಾರ. ನಡುವ ಸುಡದ ಪೆಟ್ರೋಲು ಬಿಸಿ ಸೈಲೆನ್ಸರ್‌ಗೆ ಹೋಗಿ ಅಲ್ಲೇ ಸಿಡಿತೈತಿ. ತಿರುವಿನ್ಯಾಗ ಯಾಕಂದ್ರ ಎರಡೂ ಕಡೆ ಗೋಡಿ ಐತಿ, ಮಾರ್ದನಿ ಬರ್ತೈತಿ. ಅದಕ್ಕ ಅಲ್ಲೇ ಮಾಡ್ತಾರ.

3ನೇ ಮನಿ, ಕಾರ್ಯದರ್ಶಿ (9.12)
ಹಂಗಾರ ಈ ಕೊಳವಿ ಹಾಕಿ ಕೊಡಾವರು ನೀವ ಅಲ್ಲೇನಪಾ?

40ನೇ ಮನಿ, ಗ್ಯಾರೇಜ್ ಹುಡುಗ (9.14)
ನಾ ಹಾಕಿ ಕೊಡಾಂಗಿಲ್ರಿ ಕಾಕಾ. ಬಂದವರನ್ನ ವಾಪಸ್ ಕಳಸೀನಿ. ಹೋದ ತಿಂಗಳು ಯಾರನ್ನ ಕಳಸಿದೆ ಅಂತ ನಿಮಗೂ ಗೊತ್ತೈತಿ. ನಿಮ್ಮ ಮನಿಗೆ ಬಂದು ಹೋಗೂ ಹುಡುಗನ.

3ನೇ ಮನಿ, ಕಾರ್ಯದರ್ಶಿ (9.15)
ನಾಲಿಗಿ ಬಿಗಿ ಹಿಡದು ಮಾತಾಡು ತಮ್ಮಾ. ನಮ್ಮ ಅಳಿಯಾ ಹುಬ್ಬಳ್ಳ್ಯಾಗ ಇರ್ತಾನ, ಅವನ ಗಾಡಿ ಕೆಎ 63. ಮಾಸ್ತರ ನೋಡಿದ್ದು 25.

27ನೇ ಮನಿ (9.16)
ಅಡ್ಮಿಷನ್ ಆದಾಗಿಂದ ಇಲ್ಲೇ ಅದಾನಲಾ?

3ನೇ ಮನಿ, ಕಾರ್ಯದರ್ಶಿ (9.21)
ಹಂಪ್ ತಡದವರು ನನಗ ಪಾಠ ಹೇಳಾಕ ಬರಬ್ಯಾಡ್ರಿ. ಈ ಓಣಿಗೆ ಬೀದಿದೀಪ ತಂದಾಂವ ನಾನು, ಕಸದ ಗಾಡಿ ದಿನಾ ಬರೂಹಂಗ ಮಾಡಿದಾಂವ ನಾನು. ಬೇಕಾದ್ರ ಇವತ್ತ ರಾಜೀನಾಮಿ ಕೊಡ್ತೀನಿ.

20ನೇ ಮನಿ (9.23)
ಅಣ್ಣಾರ, ಹಂಗ ಅನಬ್ಯಾಡ್ರಿ.

31ನೇ ಮನಿ (9.24)
ನೀವು ಬಿಟ್ರ ಯಾರದಾರ ಅಣ್ಣಾರ.

14ನೇ ಮನಿ (9.40)
ಯಾರ ಅಳಿಯಾ, ಯಾರ ಪಿಜಿ, ನನಗ ಬೇಕಾಗಿಲ್ಲ. ಓಡಸಾಂವ ಯಾವ ತಾಯಿ ಮಗಾ ಆಗಿರ್ಲಿ, ಅವನಿಗೂ ಜೈಲು ಆಗಬೇಕಂತ ನನ್ನ ಆಶಾ ಇಲ್ಲ. ಆ ಕೊಳವಿ ಬಿಚ್ಚಿ ಕಂಪನಿದು ಹಾಕಿದ್ರ ಸಾಕು. ಠಾಣೆಗೆ ಹೋದ ವಾರ ನಾ ಒಬ್ಬಾಕೀನ ಹೋಗಿದ್ದೆ. "ನಂಬರ್ ತರ್ರಿ, ಮಂದಿ ಕರಕೊಂಡು ಬರ್ರಿ" ಅಂದ್ರು. ಅದಕ್ಕ ಹತ್ತು ಸಹಿ ಕೇಳಾಕತ್ತೀನಿ. ಕಾಗದ ಬರದು ಕಿರಾಣಿ ಅಂಗಡ್ಯಾಗ ಇಟ್ಟೀನಿ. ಹಾಲು ತರಾಕ ಹೋದಾಗ ಒಂದು ಸಹಿ ಮಾಡ್ರಿ. ರಾತ್ರಿ ಗಾಡಿ ಬಂದ ಕೂಡ್ಲೇ ಎರಡು ಮನಿಯವರರ 112ಕ್ಕ ಫೋನ್ ಹಚ್ಚೂಣು, ಟೈಮ್ ಬರದಿಡೂಣು.

ಕಿರಾಣಿ ಅಂಗಡಿ ಕಾಕಾ (ಮಧ್ಯಾಹ್ನ 1.05)
ಸಹಿ ನಾಕು ಆಗ್ಯಾವು. 9, 14, 20, 26. ನಾನೂ ಮಾಡ್ತಿದ್ದೆ, ಆದ್ರ ಗಿರಾಕಿ ಹುಡುಗೂರು ಅದಾರವಾ. ಆಮ್ಯಾಗ ನೋಡ್ತೀನಿ.

31ನೇ ಮನಿ (ಸಂಜಿ 4.30)
ನೀರು ಬಂದು ಎಂಟು ದಿನ ಆತು. ಇವತ್ತರ ಬಿಡ್ತಾರೇನು? ಯಾರಿಗೆ ಗೊತ್ತದ?

27ನೇ ಮನಿ (4.33)
ಪೈಪ್‌ಲೈನ್ ಅಂತ ಬಾವಿ ಹತ್ರ ಮತ್ತ ಅಗದಾರ. ವಾಲ್‌ಮನ್ ಫೋನ್ ಎತ್ತವಲ್ಲ.

26ನೇ ಮನಿ ಬಾಡಿಗಿದಾರರು (7.02)
ನೀರು ಬಂತು.

20ನೇ ಮನಿ (7.03)
ಬಂತು ಬಂತು. ಮೊದಲ ಹತ್ತು ನಿಮಿಷ ಹಿಡೀಬ್ಯಾಡ್ರಿ, ಕೆಂಪು ಮಣ್ಣು ಬರಾಕತ್ತದ.

27ನೇ ಮನಿ (7.06)
ನಮ್ಮ ಕಡೆ ಬರೇ ಗಾಳಿ ಬರಾಕತ್ತದ.

3ನೇ ಮನಿ, ಕಾರ್ಯದರ್ಶಿ (7.20)
ಇದನ್ನ ಬಿಡಬಾರದು. ಎಂಟು ದಿನಕ್ಕೊಮ್ಮೆ ಬಿಟ್ಟು, ಅದೂ ರಾಡಿ. ನಾಳೆ ಹನ್ನೊಂದಕ್ಕ ಪಾಲಿಕೆಗೆ ಹೋಗೂಣು, ನಾನ ಮುಂದ ನಿಲ್ತೀನಿ. 14ನೇ ಮನಿ ಅಕ್ಕಾರ, ನಿಮ್ಮ ಕಾಗದ ಹೆಂಗೂ ಅಂಗಡ್ಯಾಗ ಅದ. ಅದರಾಗ ಮ್ಯಾಲೆ ನೀರಿನ ವಿಷಯ ಸೇರಿಸಿಬಿಡ್ರಿ. ಬ್ಯಾರೆ ಯಾಕ ಬರೀಬೇಕು?

31ನೇ ಮನಿ (7.22)
ನಂದು ಸಹಿ.

27ನೇ ಮನಿ (7.22)
ನಂದೂ. ಅಪ್ಪನದೂ.

ಕಿರಾಣಿ ಅಂಗಡಿ ಕಾಕಾ (8.45)
ನಾನೂ ಮಾಡೀನಿ. 23 ಸಹಿ ಆದ್ವು. ಕಾರ್ಯದರ್ಶಿಯವರು ಬಂದು ಮ್ಯಾಲೆ ನೀರಿಂದು ಬರದು ಹೋದ್ರು. ಸಪ್ಪಳದ್ದು ಕೆಳಗ ಎರಡು ಸಾಲು ಉಳದೈತಿ.

14ನೇ ಮನಿ (8.51)
ಕಾಕಾ, ನನ್ನ ಹಾಳಿ ಬ್ಯಾರೆ ತಗದಿಡ್ರಿ. ನೀರಿಂದು ಪಾಲಿಕೆಗೆ ಹೋಗೂದು, ಇದು ಪೊಲೀಸರಿಗೆ. ಒಂದ ಕಾಗದದಾಗ ಹಾಕಿದ್ರ ಎರಡೂ ಕಡೆ "ನಮಗ ಸಂಬಂಧಿಲ್ಲ" ಅಂತಾರ. ನೀರಿನ ಕಾಗದಕ್ಕ ನಾನೂ ಸಹಿ ಮಾಡ್ತೀನಿ, ನಾಳೆ ಬರ್ತೀನಿ. ಆದ್ರ ಸಹಿ ಮಾಡಿದ 23 ಮಂದಿ ಇದಕ್ಕೂ ಒಂದು ಸಹಿ ಮಾಡ್ರಿ. ಕೈ ಮುಗೀತೀನಿ.

40ನೇ ಮನಿ, ಗ್ಯಾರೇಜ್ ಹುಡುಗ (8.58)
ಅಕ್ಕಾರ, ನಂದು ಹಚ್ಚರಿ. ಐದು.

20ನೇ ಮನಿ (9.04)
31ನೇ ಮನಿಯವರ, ನಿಮ್ಮ ಮಾಳಿಗಿ ಟಾಕಿ ತುಂಬಿ ರಸ್ತಾಕ್ಕ ಹರಿಯಾಕತ್ತದ, ಲಗೂ ಮೋಟರ್ ಬಂದ್ ಮಾಡ್ರಿ.

3ನೇ ಮನಿ, ಕಾರ್ಯದರ್ಶಿ (9.30)
ನಾಳೆ ಹನ್ನೊಂದಕ್ಕ ಜುಬಿಲಿ ಸರ್ಕಲ್‌ನ್ಯಾಗ ಕೂಡ್ರಿ. ರಾಡಿ ನೀರಿನ ಬಾಟ್ಲಿ ಎಲ್ಲಾರೂ ತರಬೇಕು.

14ನೇ ಮನಿ (ರಾತ್ರಿ 11.52)
ಅತ್ತಿಯವರು ಮಲಗ್ಯಾರ. ಇವತ್ತ ನಾ ಕಿಡಕಿ ಹತ್ರ ಕೂಡ್ತೀನಿ, ನಂಬರ್ ಬರಕೊಳ್ಳಾಕ. ಮುಂದಿನ ಪಟ್ಟಿ ಮಡಚಿದ್ರೂ ಹಿಂದಿಂದು ಕಾಣಬಹುದು. ಮಾಸ್ತರ, ಎದ್ದಿದ್ರ ನೀವು ಆ ಕಡಿಂದ ನೋಡ್ತೀರೇನ್ರಿ?

9ನೇ ಮನಿ ಮಾಸ್ತರು (11.55)
ಕುರ್ಚಿ ಹಾಕ್ಕೊಂಡು ಕುಂತೀನಿ ತಂಗಿ. ದೀಪಾ ಆರಿಸೀನಿ.